ಮದುವೆ ಪತ್ರಿಕೆಯ ಹಿಂದಿನ 23 ಹೆಸರು

ಒಂದು ಮದುವೆ ಪತ್ರಿಕೆಯ ಪ್ರೂಫ್ ಹಾಳೆ ನನ್ನ ಮೇಜಿನ ಡ್ರಾಯರ್‌ನಲ್ಲಿ ಇನ್ನೂ ಇದೆ. ಮುಂದಿನ ಬದಿಯಲ್ಲಿ ಗಣೇಶ, ಮುಹೂರ್ತ, ಸುಖಾಗಮನ ಬಯಸುವವರ ಎರಡು ಸಾಲು ಹೆಸರು. ಹಿಂದಿನ ಬದಿಯಲ್ಲಿ ಬಾಲ್‌ಪೆನ್ನಿನಲ್ಲಿ ಬರೆದ ಇನ್ನೂ 23 ಹೆಸರು. ಇವು ನೆಂಟರದ್ದಲ್ಲ, ಕಂಪ್ಯೂಟರಿಗೆ ಹಾಕಬೇಕಾದ ಸಾಫ್ಟ್‌ವೇರ್‌ಗಳದ್ದು. ಲಿಬ್ರೆಆಫೀಸ್, ಇಂಕ್‌ಸ್ಕೇಪ್, ಗಿಂಪ್, ಸ್ಕ್ರೈಬಸ್, ವಿಎಲ್‌ಸಿ, ಐಬಸ್-ಎಂ17ಎನ್, ಫಾಂಟ್ಸ್-ಗುಬ್ಬಿ, ಫಾಂಟ್ಸ್-ನವಿಲು... ಹೀಗೆ ಹೋಗುತ್ತದೆ. ನಾನು ಶೆಲ್ ಸ್ಕ್ರಿಪ್ಟ್, ಅಂದರೆ ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟು ಒಟ್ಟಿಗೆ ಓಡಿಸುವ ಫೈಲ್, ಬರೆಯಲು ಕಲಿತದ್ದು ಈ ಹಾಳೆ ಹಿಡಿದುಕೊಂಡು.

ರಾಯಚೂರಿನ ತೀನ್ ಕಂದೀಲ್ ಹತ್ತಿರ ಒಂದು ಡಿಟಿಪಿ ಅಂಗಡಿ. ಅಲ್ಲಿ ನನ್ನ ಕೆಲಸ. ಲಗ್ನಪತ್ರಿಕೆ, ರಶೀದಿ ಪುಸ್ತಕ, ಪಹಣಿ ಪ್ರಿಂಟು, ಪರೀಕ್ಷೆ ಅರ್ಜಿ. ಕಂಪ್ಯೂಟರ್ ನನಗೆ ಹೊಸದಲ್ಲ, ಆದರೆ ಪ್ರೋಗ್ರಾಮಿಂಗ್ ಓದಿದವಳಲ್ಲ. ಬಿ.ಎ. ಮುಗಿಸಿ, ಟೈಪಿಂಗ್ ಕಲಿತು, ಕಗಪ ಕೀಲಿಮಣೆಯಲ್ಲಿ ಕಣ್ಣು ಮುಚ್ಚಿ ಹೊಡೆಯುವಷ್ಟು ಬೆರಳು ಪಳಗಿಸಿಕೊಂಡೆ, ಅಷ್ಟೇ.

ನಮ್ಮ ಅಂಗಡಿಗೆ ಬರುವ ಮೇಷ್ಟ್ರೊಬ್ಬರು ಸಣ್ಣದೊಂದು ಕಂಪ್ಯೂಟರ್ ಕ್ಲಾಸ್ ನಡೆಸುತ್ತಾರೆ. 12 ಹಳೇ ಯಂತ್ರ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತಲ್ಲ, ಅವರಿಗೆ ಅದೇ ಚಿಂತೆ. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನೋ ಭದ್ರತೆಯ ಚಿಪ್ ಬೇಕು, ಹೊಸ ಪೀಳಿಗೆಯ ಪ್ರೊಸೆಸರ್ ಬೇಕು. ಇವರ ಯಂತ್ರಗಳಲ್ಲಿ ಎರಡೂ ಇಲ್ಲ. "ಗುಜರಿಯವ ಕೆಜಿ ಲೆಕ್ಕದಾಗ ಕೇಳ್ತಾನ್ರೀ," ಅಂದರು. ಕೂಡಿಸಿಟ್ಟ ದುಡ್ಡಿನಲ್ಲಿ ಕೊಂಡ ಯಂತ್ರಗಳು. ಹೊಟ್ಟೆ ಉರಿಯದೆ ಇರುತ್ತದೆಯೇ? ನಾನು ಮನೆಯ ಹಳೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಬದಲು ಉಬುಂಟು ಅನ್ನೋ ಪುಕ್ಕಟೆ ಲಿನಕ್ಸ್ ಬಳಸುತ್ತಿದ್ದೆ. "ಉಬುಂಟು 24.04 ಹಾಕಿ ಕೊಡ್ತೀನಿ ಸರ್, ಭಾನುವಾರ ಭಾನುವಾರ ಬರ್ತೀನಿ," ಅಂದುಬಿಟ್ಟೆ. ಬಾಯಿ ಜಾರಿದ್ದು.

ಉಬುಂಟು ಕೂಡಿಸೋದು ಕಷ್ಟವಾಗಲಿಲ್ಲ. ಅದಾದ ಮೇಲೆ ಮಕ್ಕಳಿಗೆ ಬೇಕಾದದ್ದನ್ನೆಲ್ಲ ಹಾಕುವುದೇ ದೊಡ್ಡ ಕೆಲಸ. ಮೊದಲ ಮೂರು ಯಂತ್ರಗಳಿಗೆ ಕೈಯಾರೆ ಟೈಪ್ ಮಾಡಿದೆ. ಆಪ್ಟ್ ಇನ್‌ಸ್ಟಾಲ್ ಇದು, ಆಪ್ಟ್ ಇನ್‌ಸ್ಟಾಲ್ ಅದು. ಆಪ್ಟ್ ಅಂದರೆ ಉಬುಂಟುವಿನಲ್ಲಿ ಸಾಫ್ಟ್‌ವೇರ್ ಇಳಿಸಿ ಹಾಕುವ ಕಮಾಂಡ್. ಅದರ ಭಾಷೆಯಲ್ಲಿ ಒಂದೊಂದು ಗಂಟಿಗೂ ಪ್ಯಾಕೇಜ್ ಅಂತ ಹೆಸರು. ಹಾಳೆಯಲ್ಲಿ ಒಂದೊಂದೇ ಹೆಸರಿಗೆ ಟಿಕ್ ಹಾಕುತ್ತ ಹೋದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಯಾವ ಟಿಕ್ ಯಾವ ಯಂತ್ರದ್ದು ಅಂತಲೇ ಗೊತ್ತಾಗದಂತಾಯಿತು. ಕನ್ನಡ ಟೈಪಿಂಗ್‌ಗೆ ಬೇಕಾದ ಐಬಸ್ಸೇ ಒಂದರಲ್ಲಿ ಬಿಟ್ಟುಹೋಗಿತ್ತು. ಆ ರಾತ್ರಿ ಮನೆಗೆ ಬಂದು, ಇನ್ನು ಒಂಬತ್ತು ಉಳಿದಿವೆ, ಇದನ್ನೆಲ್ಲ ಒಂದು ಫೈಲಿಗೆ ಬರೆದಿಡೋಣ ಅಂತ ಕೂತೆ.

ಫೈಲಿಗೆ ಹೆಸರು 'ಹಾಕು'. ಬೇರೆ ಹೆಸರು ಹೊಳೆಯಲೇ ಇಲ್ಲ. ನಮ್ಮಲ್ಲಿ ಯಾರೂ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವುದಿಲ್ಲ, ಹಾಕಿಸಿಕೊಂಡು ಬರುತ್ತಾರೆ. ಲಿನಕ್ಸ್‌ನಲ್ಲಿ ಕನ್ನಡ ಅಕ್ಷರದಲ್ಲೇ ಫೈಲಿಗೆ ಹೆಸರಿಡಬಹುದು, ಕಮಾಂಡಿಗೂ ಇಡಬಹುದು. ಇಟ್ಟೆ ಕೂಡ. ಆದರೆ ಪ್ರತಿ ಸಲ ಕೀಲಿಮಣೆ ಬದಲಿಸಿ, ಹಾಕು ಅಂತ ಹೊಡೆದು, ಮತ್ತೆ ಇಂಗ್ಲಿಷ್‌ಗೆ ಬದಲಿಸೋದು ತಲೆನೋವು. ಇಂಗ್ಲಿಷ್ ಅಕ್ಷರದ ಹಾಕು ಆಗಿ ಉಳಿಯಿತು.

ಮೊದಲ ಹಾಕು ಅಂದರೆ ಕೈಯಾರೆ ಹೊಡೆದ ಸಾಲುಗಳನ್ನೇ ಒಂದರ ಕೆಳಗೊಂದು ಇಟ್ಟದ್ದು. ಮಧ್ಯಾಹ್ನ ಅಂಗಡಿಯಲ್ಲಿ ಪುರುಸೊತ್ತಾದಾಗ ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಅದನ್ನು ತಿದ್ದಿ, ಪೆನ್‌ಡ್ರೈವ್‌ನಲ್ಲಿ ಒಯ್ದೆ. ಓಡಿಸಿದರೆ 'ಬೇಕಾದ ಫೈಲ್ ಸಿಗಲಿಲ್ಲ' ಅಂತ ಉತ್ತರ. ಫೈಲ್ ಕಣ್ಣೆದುರಿಗೇ ಇದೆ! ಅರ್ಧ ಗಂಟೆ ತಲೆ ಕೆರೆದುಕೊಂಡೆ. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಗುರುತು ಇಡುತ್ತದೆ, ಲಿನಕ್ಸ್ ಒಂದೇ ಇಡುತ್ತದೆ. ಆ ಹೆಚ್ಚಿನ ಗುರುತು ಕಣ್ಣಿಗೆ ಕಾಣುವುದಿಲ್ಲ. ಮೊದಲ ಸಾಲಿನಲ್ಲಿ 'ಇದನ್ನು ಬ್ಯಾಶ್‌ನಿಂದ ಓದಿಸು' ಅಂತ ಬರೆದಿರುತ್ತೇವಲ್ಲ, ಅಲ್ಲಿ ಬ್ಯಾಶ್ ಎಂಬ ಹೆಸರಿಗೇ ಅದು ಅಂಟಿಕೊಂಡಿತ್ತು. ಬ್ಯಾಶ್ ಅಂದರೆ ಒಂದು ಶೆಲ್, ನಾವು ಹೊಡೆದ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ. ಬಾಲವಿರುವ ಬ್ಯಾಶನ್ನು ಯಂತ್ರ ಹುಡುಕಿದೆ, ಅಂಥದ್ದು ಸಿಕ್ಕಿಲ್ಲ.

ಅಕ್ಷರದ ನಡುವಿನ ಜಾಗ ನನ್ನ ಕಸುಬು. ಅಲ್ಪವಿರಾಮಕ್ಕೆ ಮೊದಲು ಜಾಗ ಬಿಡಬಾರದು, ಆದಮೇಲೆ ಬಿಡಬೇಕು ಅಂತ ಎಷ್ಟು ಜನರಿಗೆ ಹೇಳಿಕೊಟ್ಟಿದ್ದೇನೋ. ಶೆಲ್ ಬಂದು ನನಗೇ ಪಾಠ ಹೇಳಿತು. ಒಂದು ಹೆಸರಿಗೆ ಬೆಲೆ ಕೊಡುವಾಗ ಸಮ ಚಿಹ್ನೆಯ ಆಚೆ ಈಚೆ ಜಾಗ ಬಿಟ್ಟಿರೋ, ಆ ಹೆಸರನ್ನೇ ಕಮಾಂಡ್ ಅಂದುಕೊಂಡು 'ಅಂಥ ಕಮಾಂಡ್ ಇಲ್ಲ' ಅನ್ನುತ್ತದೆ. ಚೌಕ ಕಂಸದ ಒಳಗೆ ಜಾಗ ಬಿಡದಿದ್ದರೆ ಅದಕ್ಕೂ ಸಿಟ್ಟು. ಯಾಕೆಂದರೆ ಆ ಕಂಸ ಬರೀ ಚಿಹ್ನೆ ಅಲ್ಲ, ಅದೇ ಒಂದು ಕಮಾಂಡ್. ಒಂದು ಕಡೆ ಬಿಡಬಾರದು, ಇನ್ನೊಂದು ಕಡೆ ಬಿಡಲೇಬೇಕು. ಈ ವಿಚಿತ್ರಗಳಿಗೆಲ್ಲ ವಯಸ್ಸಾಗಿದೆ. ಬ್ಯಾಶ್ ಬರೆದದ್ದು ಬ್ರಯಾನ್ ಫಾಕ್ಸ್, 1989ರಲ್ಲಿ. ಅದರ ಅಪ್ಪ ಅನ್ನಬಹುದಾದ ಬೋರ್ನ್ ಶೆಲ್ 1979ರದ್ದು, ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಬೋರ್ನ್ ಬರೆದದ್ದು. ಅವನಿಗೆ ಆಲ್ಗಾಲ್ 68 ಅನ್ನೋ ಪ್ರೋಗ್ರಾಮಿಂಗ್ ಭಾಷೆ ಇಷ್ಟ. ಅದಕ್ಕೇ ಇಫ್ ಅಂತ ತೆರೆದದ್ದನ್ನು ತಿರುಗಿಸಿ ಫಿ ಅಂತ ಮುಚ್ಚಬೇಕು. ಕೇಸ್ ಅಂತ ತೆರೆದರೆ ಎಸಾಕ್. ಆದರೆ ಡೂ ಅಂತ ತೆರೆದದ್ದಕ್ಕೆ ಓಡ್ ಇಲ್ಲ, ಡನ್. ಓಡ್ ಎಂಬ ಹೆಸರಿನ ಕಮಾಂಡ್, ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನಲ್ಲಿ ಆಗಲೇ ಇತ್ತಂತೆ. ಒಬ್ಬರ ಹೆಸರು ಮೊದಲೇ ಇದ್ದರೆ ಇನ್ನೊಬ್ಬರಿಗೆ ಬೇರೆ ಹೆಸರು ಇಡುವುದು ಇದ್ದದ್ದೇ, ಅಲ್ವಾ? ಇದು ಗೊತ್ತಾದ ಮೇಲೆ ನನಗೆ ಶೆಲ್ ಮೇಲಿನ ಭಯ ಅರ್ಧ ಹೋಯಿತು. ನಮ್ಮಂಥವರೇ ಕೂತು ಕಟ್ಟಿದ್ದು ಇದು.

ಆಮೇಲೆ 23 ಹೆಸರನ್ನೂ ಒಂದೇ ಸಾಲಿನಲ್ಲಿ ಕೊಟ್ಟೆ. ಒಂದೇ ಏಟಿಗೆ ಮುಗಿಯಲಿ ಅಂತ. ಒಂದೂ ಆಗಲಿಲ್ಲ. ಫಾಂಟ್ಸ್-ಗುಬ್ಬಿ ಅನ್ನೋದನ್ನು ನಾನು ಗುಬ್ಬಿ-ಫಾಂಟ್ಸ್ ಅಂತ ಬರೆದಿದ್ದೆ. ಆ ಹೆಸರಿನ ಪ್ಯಾಕೇಜ್ ಇಲ್ಲ ಅಂದು ಆಪ್ಟ್ ಉಳಿದ 22ನ್ನೂ ಮುಟ್ಟದೆ ಎದ್ದುಹೋಯಿತು. ಇದು ನನಗೆ ಹೊಸದೇನಲ್ಲ. ಸೋದರಮಾವನ ಹೆಸರಿನಲ್ಲಿ ಒಂದು ದೀರ್ಘ ತಪ್ಪಿದ್ದಕ್ಕೆ ಐನೂರು ಪತ್ರಿಕೆ ವಾಪಸ್ ಬಂದದ್ದನ್ನು ನೋಡಿದವಳು ನಾನು. ಆಪ್ಟ್ ಹಾಗೆ ಮಾಡೋದರಲ್ಲಿ ನ್ಯಾಯವೂ ಇದೆ. ಅರ್ಧಂಬರ್ಧ ಕೇಳಿಸಿಕೊಂಡು ಕೆಲಸ ಶುರುಮಾಡುವುದಕ್ಕಿಂತ 'ಸರಿಯಾಗಿ ಹೇಳು' ಅನ್ನೋದು ಒಳ್ಳೆಯದು. ಆದರೆ ನನಗೆ ಒಂದು ಗುಬ್ಬಿಗಾಗಿ ಇಡೀ ಭಾನುವಾರ ಕಳೆಯೋದು ಬೇಡವಾಗಿತ್ತು.

ಹಾಗಾದರೆ ಒಂದೊಂದೇ ಹಾಕೋಣ. ಹೆಸರುಗಳನ್ನು ಬೇರೆ ಫೈಲಿಗೆ ಹಾಕಿ, ಸಾಲಿಗೊಂದರಂತೆ ಓದಿ, ಪ್ರತಿಯೊಂದಕ್ಕೂ ಆಪ್ಟ್ ಕರೆಯುವ ಲೂಪ್ ಬರೆದೆ. ನನ್ನ ಮೊದಲ ಲೂಪ್. ಹೆಮ್ಮೆಯಿಂದ ಓಡಿಸಿದೆ. ಇಂಕ್‌ಸ್ಕೇಪ್‌ಗೆ ಬಂದಾಗ ಆಪ್ಟ್ ತನ್ನ ಮಾಮೂಲಿ ಪ್ರಶ್ನೆ ಕೇಳಿತು. ಇಷ್ಟಿಷ್ಟು ಜಾಸ್ತಿ ಪ್ಯಾಕೇಜ್ ಬರುತ್ತವೆ, ಮುಂದುವರಿಯಲೇ? ನಾನು ವೈ ಒತ್ತಲು ಬೆರಳು ಎತ್ತುವುದರೊಳಗೆ 'ಕೈಬಿಟ್ಟೆ' ಅಂದುಬಿಟ್ಟಿತು. ನಾನು ಉತ್ತರ ಕೊಟ್ಟಿಲ್ಲ. ಕೋಣೆಯಲ್ಲಿ ಬೇರೆ ಯಾರೂ ಇಲ್ಲ. ಬೇಡ ಅಂದವರು ಯಾರು?

ಗಿಂಪ್! ಪಟ್ಟಿಯಲ್ಲಿ ಇಂಕ್‌ಸ್ಕೇಪ್‌ನ ಮುಂದಿನ ಹೆಸರು ಗಿಂಪ್. ಲೂಪ್ ಯಾವ ಬಾಗಿಲಿನಿಂದ ಹೆಸರುಗಳನ್ನು ಓದುತ್ತಿತ್ತೋ, ಒಳಗೆ ಕೂತ ಆಪ್ಟ್ ಕೂಡ ಅದೇ ಬಾಗಿಲಿನಿಂದ ಉತ್ತರ ಓದಿತ್ತು. ಮುಂದುವರಿಯಲೇ ಅಂತ ಕೇಳಿತು, 'ಗಿಂಪ್' ಅಂತ ಉತ್ತರ ಬಂತು. ಹೂಂ ಅಲ್ಲವಲ್ಲ, ಕೈಬಿಟ್ಟಿತು. ಗಿಂಪ್ ಹೆಸರು ಉತ್ತರವಾಗಿ ಖರ್ಚಾಗಿ ಹೋದ್ದರಿಂದ ಪಟ್ಟಿಯಿಂದಲೂ ಮಾಯ. ವೈ ಅಕ್ಷರದಿಂದ ಶುರುವಾಗುವ ಪ್ಯಾಕೇಜ್ ಅಲ್ಲಿದ್ದಿದ್ದರೆ ಅದನ್ನೇ ಒಪ್ಪಿಗೆ ಅಂದುಕೊಳ್ಳುತ್ತಿತ್ತೇನೋ. ಆವತ್ತು ಒಬ್ಬಳೇ ಕೂತು ನಕ್ಕದ್ದು ನೆನಪಿದೆ. ಶೆಲ್‌ನಲ್ಲಿ ಯಾರು ಯಾರ ತಟ್ಟೆಯಿಂದ ತಿನ್ನುತ್ತಿದ್ದಾರೆ ಅನ್ನೋದನ್ನು ನೋಡಬೇಕು ಅಂತ ಗೊತ್ತಾದದ್ದು ಹೀಗೆ. ಈಗ ನನ್ನ ಲೂಪ್ ಪಟ್ಟಿಯನ್ನೆಲ್ಲ ಮೊದಲೇ ಓದಿ ಇಟ್ಟುಕೊಳ್ಳುತ್ತದೆ. ಆಪ್ಟ್‌ಗೆ ಖಾಲಿ ತಟ್ಟೆ ಕೊಟ್ಟು, ಎಲ್ಲದಕ್ಕೂ ಹೂಂ ಅಂತ ಮೊದಲೇ ಹೇಳಿಬಿಡುತ್ತದೆ.

ಎಲ್ಲದಕ್ಕೂ ಅಂದರೆ ಎಲ್ಲದಕ್ಕೂ ಅಲ್ಲ. ಪರೀಕ್ಷೆ ಅರ್ಜಿಗಳಿಗೆ ಟೈಮ್ಸ್ ನ್ಯೂ ರೋಮನ್ ಬೇಕು ಅಂತ ಮೈಕ್ರೋಸಾಫ್ಟ್ ಫಾಂಟುಗಳ ಪ್ಯಾಕೇಜನ್ನೂ ಪಟ್ಟಿಗೆ ಸೇರಿಸಿದ್ದೆ. ಹೂಂ ಅಂತ ಮೊದಲೇ ಹೇಳಿದ್ದರೂ ಅದು ಪರದೆ ತುಂಬ ಲೈಸೆನ್ಸ್ ಕರಾರು ಹರಡಿ ನಿಂತುಬಿಟ್ಟಿತು. ಅದನ್ನೂ ಬಾಯಿ ಮುಚ್ಚಿಸುವ ದಾರಿಗಳಿವೆ. ನಾನು ಹೋಗಲಿಲ್ಲ. ಮನುಷ್ಯರು ಓದಿ ಒಪ್ಪಬೇಕಾದ ಕರಾರನ್ನು ಮನುಷ್ಯರೇ ಒಪ್ಪಲಿ. ಆ ಹೆಸರನ್ನು ಪಟ್ಟಿಯಿಂದ ತೆಗೆದೆ. ಈಗ ಹಾಳೆಯಲ್ಲಿ ಅದಕ್ಕೊಂದು ಅಡ್ಡಗೆರೆ ಇದೆ. ಹಾಗಾಗಿ ಉಳಿದದ್ದು 22.

ಮುಂದಿನದು: ಇರುವುದನ್ನೇ ಮತ್ತೆ ಹಾಕುವುದು ಬೇಡ. ಮೊದಲು ಇದೆಯೋ ಇಲ್ಲವೋ ಕೇಳಬೇಕು. ಯಂತ್ರದಲ್ಲಿ ಏನೇನಿದೆ ಅಂತ ಲೆಕ್ಕ ಇಡುವುದು ಡಿಪಿಕೆಜಿ. ಅದು ಕೊಡುವ ಪಟ್ಟಿಯನ್ನು, ಪದ ಹುಡುಕಿಕೊಡುವ ಗ್ರೆಪ್‌ಗೆ ಕೊಟ್ಟು ಹೆಸರು ಹುಡುಕಿಸಿದೆ. ಬರಹ ತಿದ್ದುವ ವಿಮ್ ಇದೆಯೇ? ಇದೆ ಅಂತು. ತೆರೆದರೆ ಮುದ್ದಾದ ಬಣ್ಣಗಳ ವಿಮ್ ಅಲ್ಲ. ಉಬುಂಟು ಜೊತೆಗೇ ಬರುವ ವಿಮ್-ಟೈನಿ, ವಿಮ್-ಕಾಮನ್ ಅನ್ನೋ ಚಿಕ್ಕವನ್ನು ಕಂಡು ಗ್ರೆಪ್ 'ವಿಮ್ ಸಿಕ್ಕಿತು' ಅಂದಿತ್ತು. ಮತದಾರರ ಪಟ್ಟಿಯಲ್ಲಿ ಬಸವರಾಜ ಅಂತ ಹುಡುಕಿದರೆ ಬಸವರಾಜೇಶ್ವರಿಯೂ ಸಿಗುತ್ತಾಳಲ್ಲ, ಹಾಗೆ.

ಸರಿ ಅಂತ ಗ್ರೆಪ್ ಬಿಟ್ಟು ಡಿಪಿಕೆಜಿಯನ್ನೇ ನೇರವಾಗಿ ಪೂರ್ತಿ ಹೆಸರಿಟ್ಟು ಕೇಳಿದೆ. ಇಲ್ಲೂ ಒಂದು ಗುಂಡಿ. ಒಂದು ಯಂತ್ರದಲ್ಲಿ ಪ್ರಿಂಟರ್ ಕಾಟ ಕೊಟ್ಟಿತು ಅಂತ ಹುಡುಗನೊಬ್ಬ ಪ್ರಿಂಟಿಂಗ್ ನೋಡಿಕೊಳ್ಳುವ ಕಪ್ಸ್ ಅನ್ನೇ ತೆಗೆದುಹಾಕಿದ್ದ. ನನ್ನ ಹಾಕು ಮಾತ್ರ ಅದು 'ಮೊದ್ಲೇ ಅದ' ಅನ್ನುತ್ತಿತ್ತು. ಪ್ಯಾಕೇಜ್ ತೆಗೆದರೂ ಅದರ ಸೆಟ್ಟಿಂಗ್ ಫೈಲುಗಳು ಉಳಿದಿರುತ್ತವೆ. ಬಾಡಿಗೆಯವರು ಮನೆ ಖಾಲಿ ಮಾಡಿದರೂ ಬಾಗಿಲ ಮೇಲೆ ಅವರ ಬೋರ್ಡು ಇದ್ದ ಹಾಗೆ. ಡಿಪಿಕೆಜಿ ಆ ಬೋರ್ಡು ನೋಡಿಯೂ ಗೊತ್ತಿದೆ ಅನ್ನುತ್ತದೆ. ತಪ್ಪು ಅದರದ್ದಲ್ಲ. 'ಈ ಹೆಸರು ಗೊತ್ತಾ' ಅಂತ ನಾನು ಕೇಳಿದ್ದೆ. 'ಒಳಗೆ ಯಾರಾದರೂ ಇದ್ದಾರಾ' ಅಂತ ಕೇಳಬೇಕಿತ್ತು. ಅದಕ್ಕೆ ಡಿಪಿಕೆಜಿ-ಕ್ವೆರಿ ಅಂತ ಬೇರೆಯೇ ಇದೆ. ಸ್ಥಿತಿ ಏನು ಅಂತ ಕೇಳಿದರೆ ಮೂರು ಪದದಲ್ಲಿ ಹೇಳುತ್ತದೆ. ಮೂರನೇ ಪದ 'ಇನ್‌ಸ್ಟಾಲ್ಡ್' ಆಗಿದ್ದರೆ ಮಾತ್ರ ನಂಬಬೇಕು.

ಕರೆಂಟಿನ ಕತೆ ಹೇಳದಿದ್ದರೆ ರಾಯಚೂರಿನ ಬರಹವೇ ಅಲ್ಲ. ಊರಿನಿಂದ ಸ್ವಲ್ಪ ದೂರದ ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್‌ನ ಉಷ್ಣ ವಿದ್ಯುತ್ ಸ್ಥಾವರ. ನಮ್ಮ ಓಣಿಯಲ್ಲಿ ಮಾತ್ರ ಭಾನುವಾರ ಮಧ್ಯಾಹ್ನ ಕತ್ತಲೆ. ಐದನೇ ಯಂತ್ರ ಲಿಬ್ರೆಆಫೀಸ್ ಬಿಚ್ಚಿ ಹಾಕುವ ಹೊತ್ತಿಗೆ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ದಿನವಾಗಿತ್ತೋ. ಮತ್ತೆ ಆನ್ ಮಾಡಿದರೆ ಆಪ್ಟ್ ಏನು ಕೇಳಿದರೂ ಒಂದೇ ಮಾತು: ಡಿಪಿಕೆಜಿ ಅರ್ಧಕ್ಕೆ ನಿಂತಿದೆ, ಮೊದಲು ಅದನ್ನು ಸರಿಮಾಡು. ಯಾವ ಕಮಾಂಡ್ ಹೊಡೆಯಬೇಕು ಅಂತಲೂ ಅದೇ ಹೇಳುತ್ತದೆ. ಒಳ್ಳೆಯ ಗುಣ. ಆ ಕಮಾಂಡನ್ನು ಹಾಕುವಿನ ಮೊದಲ ಕೆಲಸವಾಗಿ ಸೇರಿಸಿದೆ. ಅರ್ಧ ನಿಂತದ್ದೇನೂ ಇಲ್ಲದಿದ್ದರೆ ಅದು ಸುಮ್ನೆ ಹಿಂತಿರುಗುತ್ತದೆ, ನಷ್ಟವಿಲ್ಲ. ಈಗ ಕರೆಂಟ್ ಹೋದರೆ ನನಗೆ ಗಾಬರಿಯಿಲ್ಲ. ಚಹಾ ಕುಡಿದು ಬಂದು ಮತ್ತೆ ಮೊದಲಿಂದ ಹಾಕು ಓಡಿಸುತ್ತೇನೆ. ಆದದ್ದನ್ನು ದಾಟಿಕೊಂಡು, ಬಿಟ್ಟಲ್ಲಿಂದ ಹಿಡಿಯುತ್ತದೆ.

ಡೇಟಾದ್ದು ಬೇಗ ಹೇಳಿ ಮುಗಿಸುತ್ತೇನೆ. ಇದ್ದದ್ದು ನನ್ನ ಮೊಬೈಲಿನ ಹಾಟ್‌ಸ್ಪಾಟ್ ಒಂದೇ. ಒಂದೊಂದು ಯಂತ್ರಕ್ಕೂ ಅದೇ ಫೈಲುಗಳನ್ನು ಇಳಿಸಿಕೊಳ್ಳುವುದು ಹುಚ್ಚುತನ. ಆಪ್ಟ್ ಅಂತ ಕರೆದರೆ ಅದು ಕೆಲಸ ಮುಗಿದ ಮೇಲೆ ಇಳಿಸಿದ್ದನ್ನು ಅಳಿಸಿಬಿಡುತ್ತದೆ. ಆಪ್ಟ್-ಗೆಟ್ ಅಂತ ಹಳೇ ಹೆಸರಿನಿಂದ ಕರೆದರೆ ಎಲ್ಲವನ್ನೂ ಒಂದು ಫೋಲ್ಡರ್‌ನಲ್ಲಿ ಜೋಪಾನವಾಗಿ ಇಟ್ಟಿರುತ್ತದೆ. ಆ ಫೋಲ್ಡರ್ ಪೆನ್‌ಡ್ರೈವ್‌ಗೆ, ಪೆನ್‌ಡ್ರೈವ್‌ನಿಂದ ಮುಂದಿನ ಯಂತ್ರದ ಅದೇ ಫೋಲ್ಡರ್‌ಗೆ. ಸ್ಕ್ರಿಪ್ಟ್‌ಗಳಲ್ಲಿ ನನ್ನನ್ನು ಹುಷಾರಾಗಿ ಬಳಸಿ ಅಂತ ಆಪ್ಟ್ ತಾನೇ ಎಚ್ಚರಿಸುತ್ತದೆ, ಅದಕ್ಕೂ ಆಪ್ಟ್-ಗೆಟ್ಟೇ ವಾಸಿ.

ಇಲ್ಲಿಯವರೆಗಿನದ್ದೆಲ್ಲ ಕಣ್ಣಿಗೆ ಕಂಡ ತಪ್ಪುಗಳು. ಕಾಣದ ತಪ್ಪು ಬಂದದ್ದು ನಾನು ಜಾಣೆ ಅಂದುಕೊಂಡ ಮೇಲೆ.

ಆಪ್ಟ್ ಉಗುಳುವ ನೂರಾರು ಸಾಲು ಪರದೆಯ ಮೇಲೆ ಓಡಿಹೋಗುತ್ತವೆ. ಅವನ್ನು ಒಂದು ಫೈಲಿನಲ್ಲೂ ಉಳಿಸಿಕೊಳ್ಳೋಣ ಅಂತ ಪೈಪ್ ಹಾಕಿ ಟೀಗೆ ಕೊಟ್ಟೆ. ಪೈಪ್ ಅಂದರೆ ಒಂದು ಕಮಾಂಡ್ ಉಗುಳಿದ್ದನ್ನು ಇನ್ನೊಂದಕ್ಕೆ ಹರಿಸುವ ಚಿಹ್ನೆ. ಟೀ ಅಂದರೆ ಕುಡಿಯುವ ಟೀ ಅಲ್ಲ. ಪ್ಲಂಬಿಂಗ್ ಅಂಗಡಿಯಲ್ಲಿ ಒಂದು ಪೈಪನ್ನು ಎರಡು ಮಾಡಲು ಕೊಡುತ್ತಾರಲ್ಲ, ಆ ಟೀ. ಹೆಸರು ಬಂದದ್ದೂ ಅದರಿಂದಲೇ. ಬಂದ ನೀರನ್ನು ಒಂದು ಕಡೆ ಪರದೆಗೆ, ಇನ್ನೊಂದು ಕಡೆ ಫೈಲಿಗೆ ಬಿಡುತ್ತದೆ. ಅದರ ಮುಂದೆ ಒಂದು ಇಫ್: ಸರಿಯಾಗಿ ಮುಗಿದರೆ 'ಆತು' ಅನ್ನು, ಇಲ್ಲದಿದ್ದರೆ 'ಆಗ್ಲಿಲ್ಲ' ಅನ್ನು. ಶೆಲ್‌ನಲ್ಲಿ ಪ್ರತಿ ಕಮಾಂಡ್ ಮುಗಿದಾಗ ಒಂದು ಅಂಕಿ ಬಿಟ್ಟು ಹೋಗುತ್ತದೆ. 0 ಅಂದರೆ ಎಲ್ಲ ಸರಿ, ಬೇರೆ ಏನಿದ್ದರೂ ತೊಂದರೆ. ಕಮಾಂಡೇ ಇಲ್ಲದಿದ್ದರೆ 127. ಶಾಲೆಯಲ್ಲಿ ಸೊನ್ನೆ ಬಂದರೆ ಫೇಲು, ಇಲ್ಲಿ ಸೊನ್ನೆ ಬಂದರೆ ಪಾಸು.

ಏಳು, ಎಂಟು, ಒಂಬತ್ತನೇ ಯಂತ್ರಗಳಲ್ಲಿ ಓಡಿಸಿದೆ. ಆತು, ಆತು, ಆತು. ಒಂದೊಂದರಲ್ಲೂ 22 ಸಲ ಆತು. ಎಂದೂ ಇಲ್ಲದಷ್ಟು ಬೇಗ ಮುಗಿಯಿತು. ಸ್ಕ್ರಿಪ್ಟ್ ಎಷ್ಟು ಚೆನ್ನಾಗಿ ಬಂತು ಅಂದುಕೊಂಡು ಬಸ್ ಹತ್ತಿದೆ. ಸೋಮವಾರ ಮೇಷ್ಟ್ರ ಫೋನ್. "ಮೂರು ಕಂಪ್ಯೂಟರ್‌ನಾಗ ಏನೂ ಇಲ್ಲಲ್ರೀ?"

ಏನೂ ಇರಲಿಲ್ಲ. ಬೇಗ ಮುಗಿದದ್ದು ಅದಕ್ಕೇ. ಹಾಟ್‌ಸ್ಪಾಟ್ ಕಡಿದುಹೋಗಿತ್ತು, ಆವತ್ತು ಪೆನ್‌ಡ್ರೈವ್ ಫೋಲ್ಡರ್ ಹಾಕುವುದನ್ನೂ ಮರೆತಿದ್ದೆ. ಆಪ್ಟ್-ಗೆಟ್ 22 ಸಲವೂ ಸೋತಿತ್ತು, ಪ್ರತಿ ಸಲವೂ ಸೋತೆ ಅಂತ ಅಂಕಿ ಬಿಟ್ಟಿತ್ತು. ಆದರೆ ಪೈಪ್‌ಗಳ ಸಾಲಿನಲ್ಲಿ ಶೆಲ್ ಕೇಳುವುದು ಕೊನೆಯವನ ಮಾತನ್ನು ಮಾತ್ರ. ಕೊನೆಯವನು ಟೀ. ಅವನ ಕೆಲಸ ಬಂದದ್ದನ್ನು ಫೈಲಿಗೆ ಬರೆಯೋದು. ತಪ್ಪಿನ ಸಾಲುಗಳು ಬಂದವು, ಅವನ್ನೇ ಅಚ್ಚುಕಟ್ಟಾಗಿ ಬರೆದ. ಸೊನ್ನೆ ಅಂದ. ನಾನು ಆತು ಅಂದೆ.

ನಮ್ಮೂರು ಮಾನ್ವಿ ತಾಲೂಕಿನಲ್ಲಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗ. ಕೊಪ್ಪಳ ಜಿಲ್ಲೆಯ ಮುನಿರಾಬಾದಿನಲ್ಲಿ ನೀರು ಬಿಡುತ್ತಾರೆ. ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ನಮ್ಮ ಕಡೆ ಬರಬೇಕು. ದಾರಿಯುದ್ದಕ್ಕೂ ಭತ್ತ. ಮೇಲೆ ಎಷ್ಟು ಬಿಟ್ಟರೂ ನಮ್ಮ ತೂಬಿಗೆ ಬರುವಷ್ಟರಲ್ಲಿ ಅದರ ಕತೆ ಬೇರೆ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ ಅಪ್ಪ ದಿನಕ್ಕೆ ಹತ್ತು ಸಲ ಸುದ್ದಿ ನೋಡುತ್ತಿದ್ದ. ಮಾಮೂಲಿ ವರ್ಷಗಳಲ್ಲಿ ಅವನು ಸುದ್ದಿ ನಂಬುವವನಲ್ಲ. "ಎಷ್ಟು ಬಿಟ್ರು ಅಂತ ಪೇಪರ್‌ನವ್ರು ಹೇಳ್ತಾರ. ಎಷ್ಟು ಬಂತು ಅಂತ ನಾವ ಹೋಗಿ ನೋಡಬೇಕು," ಅನ್ನುತ್ತಾನೆ. ಬೆಳಗಾಗೆದ್ದು ಟವೆಲ್ ಹೆಗಲಿಗೆ ಹಾಕಿಕೊಂಡು ತೂಬಿನ ತನಕ ಹೋಗಿ ಬರುತ್ತಾನೆ.

ಮೇಷ್ಟ್ರ ಫೋನ್ ಇಟ್ಟ ಮೇಲೆ ನನಗೆ ಅಪ್ಪನ ಆ ಮಾತೇ ನೆನಪಾಯಿತು. ಪೈಪ್ ಎಂಬ ಯೋಚನೆ ಬೆಲ್ ಲ್ಯಾಬ್ಸ್‌ನ ಡಗ್ ಮೆಕ್‌ಇಲ್‌ರಾಯ್ ಅವರದ್ದು. ತೋಟಕ್ಕೆ ನೀರು ಬಿಡುವ ಹೋಸ್‌ನ ತುಂಡುಗಳನ್ನು ಜೋಡಿಸಿದ ಹಾಗೆ ಪ್ರೋಗ್ರಾಂಗಳನ್ನು ಜೋಡಿಸಬೇಕು ಅಂತ 1964ರಲ್ಲೇ ಬರೆದಿದ್ದರು. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನು ಯುನಿಕ್ಸ್‌ಗೆ ತಂದರು. ಅವರಿಗೆ ಹೋಸ್ ಕಂಡಿತು, ನನಗೆ ಕಾಲುವೆ. ಆದರೆ ನಮ್ಮ ಕಾಲುವೆಯಲ್ಲಿ ಕೊನೆಯವನಿಗೆ ನೀರು ಬಂದಿದ್ದರೆ ಮೇಲಿನವರಿಗೆಲ್ಲ ಬಂದಿದೆ ಅಂತಲೇ ಲೆಕ್ಕ. ಕೆಳಭಾಗದವನ ಮಾತು ಗಟ್ಟಿ ಸಾಕ್ಷಿ. ಶೆಲ್‌ನ ಕಾಲುವೆಯಲ್ಲಿ ಕೊನೆಯವನು ಕೆಸರು ಕುಡಿದರೂ ಸರಿ ಅನ್ನುತ್ತಾನೆ. ಇಷ್ಟು ವರ್ಷ ಕೆಳಭಾಗದ ಊರಲ್ಲಿ ಬೆಳೆದವಳಿಗೆ ಇದು ಉಲ್ಟಾ ಲೋಕ.

ಇದಕ್ಕೆ ಮದ್ದು ಇದೆ. ಪೈಪ್‌ಫೇಲ್ ಅಂತ ಒಂದು ಸೆಟ್ಟಿಂಗ್. ಅದನ್ನು ಮೇಲೆ ಬರೆದರೆ ಸಾಲಿನಲ್ಲಿ ಯಾರು ಸೋತರೂ ಇಡೀ ಸಾಲೇ ಸೋತ ಲೆಕ್ಕ. ಹಾಕಿದೆ. ಆದರೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಅದೂ ಬಿಟ್ಟ ನೀರಿನ ಲೆಕ್ಕವೇ. ಹಾಗಾಗಿ ಈಗ ಹಾಕು ಪ್ರತಿ ಪ್ಯಾಕೇಜ್ ಆದ ಮೇಲೆ ಮತ್ತೊಮ್ಮೆ ಡಿಪಿಕೆಜಿ-ಕ್ವೆರಿಯನ್ನು ಕೇಳುತ್ತದೆ. ಆಪ್ಟ್-ಗೆಟ್ ಏನೇ ಹೇಳಲಿ, ಒಳಗೆ ಕೂತಿದೆಯಾ ಅಂತ ನೋಡಿ ಬಂದು ಆಮೇಲೆ ಆತು ಅನ್ನುತ್ತದೆ. ಮೊದಲು ಒಂದು ಸಲ ಕೇಳುತ್ತದೆ, ಕೊನೆಗೆ ಇನ್ನೊಂದು ಸಲ ಕೇಳುತ್ತದೆ. ನಡುವೆ ಹಾಕೋದು ಒಂದೇ ಸಾಲು. ಅಂಗಡಿಯಲ್ಲಿ ಪ್ರೂಫ್ ನೋಡುವ ಹೊತ್ತು ಟೈಪ್ ಮಾಡುವ ಹೊತ್ತಿಗಿಂತ ಜಾಸ್ತಿ ಆಗುವುದು ನನಗೇನು ಹೊಸದೇ?

ಎಲ್ಲ ಮುಗಿದ ಮೇಲೆ ಸಣ್ಣ ವರದಿ: ಎಷ್ಟು ಮೊದ್ಲೇ ಇದ್ದವು, ಎಷ್ಟು ಹೊಸದಾಗಿ ಆದವು, ಯಾವ ಯಾವವು ಆಗಲಿಲ್ಲ. ಇದನ್ನು ಚೆಂದಾಗಿ ಕನ್ನಡ ಅಕ್ಷರದಲ್ಲೇ ಬರೆದಿದ್ದೆ. ಆದರೆ ಟರ್ಮಿನಲ್ ಪ್ರತಿ ಅಕ್ಷರಕ್ಕೂ ಒಂದೊಂದು ಖಾನೆ ಕೊಡುವ ಹಳೇ ಲೆಕ್ಕದ್ದು. ಒತ್ತಕ್ಷರ ಒಂದು ಕಡೆ, ಕೊಂಬು ಇನ್ನೊಂದು ಕಡೆ. 'ಆಗ್ಲಿಲ್ಲ' ಅನ್ನೋದು ಅಪಘಾತವಾದ ಹಾಗೆ ಕಾಣುತ್ತಿತ್ತು. ಅಕ್ಷರ ಜೋಡಿಸುವುದೇ ಹೊಟ್ಟೆಪಾಡಾದವಳಿಗೆ ಅದನ್ನು ನೋಡಲಾಗಲಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬರೆಯುವಂತೆ ಇಂಗ್ಲಿಷ್ ಅಕ್ಷರದ ಕನ್ನಡಕ್ಕೆ ಇಳಿದೆ. ಬೇಜಾರಿದೆ.

ಇನ್ನೆರಡು ಸಣ್ಣ ಸಂಗತಿ. ಯಂತ್ರ ಆನ್ ಮಾಡಿದ ಕೂಡಲೇ ಉಬುಂಟು ತಾನೇ ಹಿಂದಿನಿಂದ ಅಪ್‌ಡೇಟ್ ಶುರುಮಾಡಿ ಬೀಗ ಹಾಕಿಕೊಂಡಿರುತ್ತದೆ. ಆಗ ಹಾಕು ಓಡಿಸಿದರೆ ಬೀಗ ಸಿಗಲಿಲ್ಲ ಅನ್ನುತ್ತದೆ. ಬೀಗದ ಫೈಲನ್ನು ಅಳಿಸಿಬಿಡು ಅಂತ ಸಲಹೆ ಕೊಡುವವರು ಬಹಳ. ಒಳಗೆ ಒಬ್ಬರು ಸ್ನಾನ ಮಾಡುತ್ತಿರುವಾಗ ಚಿಲಕ ಮುರಿಯುವ ಬುದ್ಧಿ ಅದು. ಇಷ್ಟು ಸೆಕೆಂಡ್ ಕಾಯಿ ಅಂತ ಆಪ್ಟ್-ಗೆಟ್‌ಗೇ ಹೇಳಬಹುದು, ಹೇಳಿದೆ. ಎರಡನೆಯದು, ಕೊನೆಗೆ ಪೆನ್‌ಡ್ರೈವ್ ಫೋಲ್ಡರ್ ಅಳಿಸುವ ಒಂದು ಸಾಲು ಬರೆದಿದ್ದೆ. ಫೋಲ್ಡರ್ ಹೆಸರು ಒಂದು ವೇರಿಯಬಲ್‌ನಲ್ಲಿ, ಅಂದರೆ ಬೆಲೆ ತುಂಬಿಡುವ ಹೆಸರಿನಲ್ಲಿ. ತಪ್ಪು ಹುಡುಕಿಕೊಡುವ ಶೆಲ್‌ಚೆಕ್ ಅನ್ನೋ ಉಪಕರಣಕ್ಕೆ ಸ್ಕ್ರಿಪ್ಟ್ ತೋರಿಸಿದಾಗ ಅದು ಆ ಸಾಲಿಗೆ ಬೆರಳು ತೋರಿಸಿತು. ವೇರಿಯಬಲ್ ಖಾಲಿ ಇದ್ದರೆ? ಉಳಿಯೋದು ಬರೀ ಓರೆಗೆರೆ. ಅಂದರೆ ಡಿಸ್ಕಿನ ಬುಡದಿಂದಲೇ ಅಳಿಸು. ಇದು ಬರೀ ಹೆದರಿಕೆ ಅಲ್ಲ. 2015ರಲ್ಲಿ ಕಂಪ್ಯೂಟರ್ ಆಟಗಳ ಸ್ಟೀಮ್‌ನ ಲಿನಕ್ಸ್ ಸ್ಕ್ರಿಪ್ಟ್‌ನಲ್ಲಿ ಇಂಥದ್ದೇ ಒಂದು ಸಾಲು ಬಳಕೆದಾರರ ಫೈಲುಗಳನ್ನು ಗುಡಿಸಿ ಹಾಕಿದ್ದು ಬೆಳಕಿಗೆ ಬಂತು. ಆ ಸಾಲನ್ನು ನಾನು ತಿದ್ದಲಿಲ್ಲ, ಕಿತ್ತೇ ಹಾಕಿದೆ. ಫೋಲ್ಡರ್ ಕೈಯಿಂದ ಅಳಿಸಿದರಾಯಿತು.

12 ಯಂತ್ರವೂ ಈಗ ಓಡುತ್ತಿವೆ. ಹಾಕು 90 ಸಾಲು ದಾಟಿದೆ. ಕಪ್ಸ್ ಕಿತ್ತಿದ್ದ ಆ ಹುಡುಗನಿಗೇ ಅದನ್ನು ನೋಡಿಕೊಳ್ಳಲು ಕೊಟ್ಟಿದ್ದೇನೆ. ಮೊದಲ ದಿನವೇ ಅವನು ಬ್ಯಾಶ್ ಬದಲು ಎಸ್‌ಎಚ್ ಅಂತ ಹೊಡೆದು ಓಡಿಸಿ, ಪೈಪ್‌ಫೇಲ್ ಅಂದರೆ ಏನು ಗೊತ್ತಿಲ್ಲ ಅನ್ನಿಸಿಕೊಂಡು ನನಗೆ ಫೋನ್ ಮಾಡಿದ. ಉಬುಂಟುವಿನಲ್ಲಿ ಎಸ್‌ಎಚ್ ಅಂದರೆ ಬ್ಯಾಶ್ ಅಲ್ಲ, ಡ್ಯಾಶ್ ಅನ್ನೋ ಇನ್ನೊಂದು ಶೆಲ್. 2006ರಿಂದ ಹಾಗೇ ಇದೆ. ನನಗೂ ಆವತ್ತೇ ಗೊತ್ತಾದದ್ದು, ಗೊತ್ತಿದ್ದವಳಂತೆ ಹೇಳಿದೆ.

ಹೋದ ಭಾನುವಾರ ಮತ್ತೆ ಫೋನ್.

"ಅಕ್ಕಾರ, ಹಾಕು ಓಡಿಸಿದ್ರ 22ಕ್ಕೂ ಮೊದ್ಲೇ ಅದ ಅಂತದ. ಹನ್ನೆರಡೂ ಕಂಪ್ಯೂಟರ್‌ನಾಗ ಅದೇ."

"ಹೌದಾ. ಇಂಕ್‌ಸ್ಕೇಪ್ ತೆಗೆದು ನೋಡಿದ್ಯಾ?"

"ಎಲ್ಲಾದ್ರಾಗೂ ತೆಗೆದು ನೋಡೀನ್ರಿ. ಬಂತು. ಈಗೇನು ಮಾಡ್ಲಿ?"

"ಏನೂ ಇಲ್ಲ. ಫ್ಯಾನ್ ಆರ್ಸಿ ಮನೀಗೆ ಹೋಗು."